ಹಣೆ ಮೇಲಿನ ಪಟ್ಟಿ: ನಮ್ಮ ಎನ್‌ಐಸಿಯುಗೆ ಬಂದ ನಿರ್ಸ್ ಮಾನಿಟರ್ ಜೊತೆ 11 ತಿಂಗಳು

ಮಗುವಿನ ಮೆದುಳಿನ ಆಕ್ಸಿಜನ್ನನ್ನು ಹಣೆ ಮೇಲಿನ ಪಟ್ಟಿಯಿಂದ ನೋಡುವ ಈ ನಿರ್ಸ್ ಮೆಷಿನ್ ನಮ್ಮ ಎನ್‌ಐಸಿಯುಗೆ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ, ಬಂದ ದಿನ ನನಗೆ ಸಿಟ್ಟು ಬಂದಿತ್ತು. ವೆಂಟಿಲೇಟರ್ ಮೇಲಿರುವ ಮಗುವಿನ ಸುತ್ತ ಎಷ್ಟು ವೈರ್ ಇರುತ್ತೆ ಅಂತ ನೋಡಿದವರಿಗೇ ಗೊತ್ತು. ಎದೆಗೆ ಮೂರು ಲೀಡ್, ಬಲಗೈಗೆ ರಕ್ತದ ಆಕ್ಸಿಜನ್ ನೋಡುವ ಸ್ಯಾಚುರೇಷನ್ ಪ್ರೋಬ್, ಹೊಟ್ಟೆಗೆ ಟೆಂಪರೇಚರ್ ಪ್ರೋಬ್, ಹೊಕ್ಕುಳಲ್ಲಿ ಲೈನ್, ಬಾಯಲ್ಲಿ ಟ್ಯೂಬ್. ಮಗು ಇರುವುದು 900 ಗ್ರಾಂ. "ಇನ್ನೊಂದು ವೈರ್ ಎಲ್ಲಿ ಹಾಕ್ತೀರಿ ಸರ್?" ಅಂತ ಕೇಳಿದೆ. ಡಾಕ್ಟರ್ ನಕ್ಕರು. "ಹಣೆಗೆ ಸಿಸ್ಟರ್. ಅದೊಂದೇ ಜಾಗ ಖಾಲಿ ಇದೆ."

ನಾನು ದಾವಣಗೆರೆಯ ಒಂದು ಆಸ್ಪತ್ರೆಯ ಎನ್‌ಐಸಿಯುನಲ್ಲಿ ನರ್ಸ್. 13 ವರ್ಷ ಆಯಿತು. ಈ 11 ತಿಂಗಳು ಈ ಮೆಷಿನ್ ಜೊತೆ ಹಗಲು ಡ್ಯೂಟಿ, ರಾತ್ರಿ ಡ್ಯೂಟಿ ಎರಡೂ ಮಾಡಿದ್ದೇನೆ. ಬೇರೆ ಊರಿನ ಗೆಳತಿಯರು "ನಮ್ಮಲ್ಲೂ ತಗೊಳ್ತಾರಂತೆ ಕಣೇ, ಹೇಗಿದೆ?" ಅಂತ ಕೇಳುತ್ತಲೇ ಇರುತ್ತಾರೆ. ಪ್ರತಿ ಸಲ ಫೋನಲ್ಲಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿ ಹೆಸರು ಬರೆಯುವುದಿಲ್ಲ. ಆಸ್ಪತ್ರೆ ಹೆಸರೂ ಬೇಡ. ನಾನು ಹೇಳುವ ಬಹುಪಾಲು ಮಾತು ಯಾವ ಕಂಪನಿಯ ನಿರ್ಸ್‌ಗೂ ಹೊಂದುತ್ತೆ.

ಮೊದಲು ಇದು ಏನು ಮಾಡುತ್ತೆ ಅಂತ. ಚಿಕ್ಕವರಿದ್ದಾಗ ಟಾರ್ಚ್ ಮೇಲೆ ಅಂಗೈ ಇಟ್ಟು ಬೆರಳು ಕೆಂಪಗೆ ಹೊಳೆಯುವುದನ್ನು ನೋಡಿದ್ದೀರಿ ಅಲ್ವಾ? ಎನ್‌ಐಸಿಯುನಲ್ಲಿ ನಾವು ಈಗಲೂ ಅದನ್ನೇ ಮಾಡುತ್ತೇವೆ. ಎದೆಯಲ್ಲಿ ಶ್ವಾಸಕೋಶದ ಹೊರಗೆ ಗಾಳಿ ತುಂಬಿದೆಯಾ ಅಂತ ನೋಡಲು ಲೈಟ್ ಆರಿಸಿ, ಕೋಲ್ಡ್ ಲೈಟ್ ಹಿಡಿದು ನೋಡುತ್ತೇವೆ. ಪುಟ್ಟ ಮಗುವಿನ ಚರ್ಮ, ಮೂಳೆ ಎಲ್ಲ ತೆಳು. ಬೆಳಕು ದಾಟುತ್ತೆ. ನಿರ್ಸ್ ಕೂಡ ಅದೇ ಉಪಾಯ. ಕಣ್ಣಿಗೆ ಕಾಣದ, ಕೆಂಪಿನ ಪಕ್ಕದ ಬೆಳಕನ್ನು ಹಣೆಯಿಂದ ಒಳಗೆ ಬಿಡುತ್ತೆ. ಆಕ್ಸಿಜನ್ ಇರುವ ರಕ್ತ ಆ ಬೆಳಕನ್ನು ಒಂದು ತರ ಹೀರುತ್ತೆ, ಇಲ್ಲದ ರಕ್ತ ಇನ್ನೊಂದು ತರ. ಎರಡು ಮೂರು ಸೆಂಟಿಮೀಟರ್ ಆಚೆ ಇರುವ ಕಣ್ಣು ವಾಪಸ್ ಬಂದ ಬೆಳಕನ್ನು ಅಳೆದು ಒಂದು ಸಂಖ್ಯೆ ಕೊಡುತ್ತೆ. ಮೆದುಳಿನ ಆಕ್ಸಿಜನ್ನನ್ನು ಹೀಗೆ ಹೊರಗಿನಿಂದಲೇ ನೋಡಬಹುದು ಅಂತ 1977ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಫ್ರಾನ್ಸ್ ಯೋಬ್ಸಿಸ್ ತೋರಿಸಿದರು. ನಮ್ಮ ಊರಿಗೆ ಬರಲು ಇಷ್ಟು ವರ್ಷ ಬೇಕಾಯಿತು.

ಡೆಮೊ ಕೊಡಲು ಬಂದ ಕಂಪನಿ ಹುಡುಗ "ಮೇಡಂ, ಇದು ಮಗುವಿನ ಮೆದುಳಿಗೆ ಎಷ್ಟು ರಕ್ತ ಹೋಗ್ತಿದೆ ಅಂತ ತೋರ್ಸುತ್ತೆ" ಅಂದ. ಅದು ಪೂರ್ತಿ ಸರಿಯಲ್ಲ. ಪಕ್ಕದಲ್ಲೇ ಇದ್ದ ನಮ್ಮ ಡಾಕ್ಟರ್ ಅವನನ್ನು ಅಲ್ಲೇ ತಡೆದರು. ಆಮೇಲೆ ನಮಗೆ ಬಿಡಿಸಿ ಹೇಳಿದ್ದು ಹೀಗೆ. ನಮ್ಮ ಜಿಲ್ಲೆಯಲ್ಲಿ ಭದ್ರಾ ನಾಲೆಯ ಕಥೆ ಎಲ್ಲರಿಗೂ ಗೊತ್ತು. ಡ್ಯಾಮಿನಿಂದ ಎಷ್ಟು ನೀರು ಬಿಟ್ಟರು ಅನ್ನುವುದು ಒಂದು ಲೆಕ್ಕ. ಮೇಲಿನವರ ಗದ್ದೆಗಳೆಲ್ಲ ಕುಡಿದ ಮೇಲೆ ಕೊನೆ ಭಾಗದ ರೈತನ ಕಾಲುವೆಯಲ್ಲಿ ಎಷ್ಟು ಉಳಿದಿದೆ ಅನ್ನುವುದು ಇನ್ನೊಂದು ಲೆಕ್ಕ. ನಿರ್ಸ್ ನೋಡುವುದು ಹೆಚ್ಚುಕಡಿಮೆ ಈ ಎರಡನೆಯದನ್ನು. ಅದು ನೋಡುವ ರಕ್ತದಲ್ಲಿ ಮುಕ್ಕಾಲು ಪಾಲು ಮೆದುಳು ಬಳಸಿಕೊಂಡು ವಾಪಸ್ ಕಳಿಸಿದ ರಕ್ತ. ಕೊನೆಯಲ್ಲಿ ನೀರು ಕಡಿಮೆಯಾದರೆ ಡ್ಯಾಮಿನಿಂದಲೇ ಕಡಿಮೆ ಬಿಟ್ಟಿರಬಹುದು, ಇಲ್ಲವೇ ಗದ್ದೆ ಜಾಸ್ತಿ ಕುಡಿದಿರಬಹುದು. ಯಾವುದು ಅಂತ ಮೆಷಿನ್ ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು.

ಹಾಗಾಗಿ ಸ್ಯಾಚುರೇಷನ್ 93 ಇರುವ ಮಗುವಿನ ಹಣೆಯಲ್ಲಿ 70 ತೋರಿಸಿದರೆ ಗಾಬರಿ ಬೇಡ. ಬೇಗ ಹುಟ್ಟಿದ ಮಕ್ಕಳಲ್ಲಿ 55ರಿಂದ 85ರವರೆಗೆ ಸರಿ ಅಂತ ಇಟ್ಟುಕೊಳ್ಳುತ್ತಾರೆ. ಮೊದಲ ವಾರ ನಮ್ಮ ಹೊಸ ಹುಡುಗಿಯೊಬ್ಬಳು 68 ನೋಡಿ ಆಕ್ಸಿಜನ್ ಏರಿಸಲು ಕೈ ಚಾಚಿದ್ದಳು. ಓಡಿಹೋಗಿ ತಡೆದೆ. ಆಕ್ಸಿಜನ್ ಜಾಸ್ತಿಯಾದರೆ ಈ ಮಕ್ಕಳ ಕಣ್ಣಿನ ಪರದೆ ಹಾಳಾಗಿ ದೃಷ್ಟಿಯೇ ಹೋಗಬಹುದು ಅಂತ ನಮಗೆಲ್ಲ ಗೊತ್ತಲ್ಲ.

ಈಗ ಮೆಷಿನ್ ನನ್ನ ಮನಸ್ಸು ಬದಲಿಸಿದ ರಾತ್ರಿಯ ಕಥೆ.

ಗರ್ಭದ 28ನೇ ವಾರಕ್ಕೇ ಹುಟ್ಟಿದ ಮಗು, 1050 ಗ್ರಾಂ. ಹುಟ್ಟಿ ಕೆಲವೇ ಗಂಟೆ. ಶ್ವಾಸಕೋಶ ಬಿಗಿಯಾಗಿತ್ತು. ವೆಂಟಿಲೇಟರ್ ಪ್ರೆಷರ್ ಮೋಡ್‌ನಲ್ಲಿ, ಮೇಲಿನ ಪ್ರೆಷರ್ 20. ರಾತ್ರಿ ಎರಡು ಗಂಟೆಗೆ ಶ್ವಾಸಕೋಶ ಮೆತ್ತಗೆ ಮಾಡುವ ಸರ್ಫ್ಯಾಕ್ಟೆಂಟ್ ಔಷಧಿ ಕೊಟ್ಟರು. ಅರ್ಧ ಗಂಟೆಯಲ್ಲಿ ಸ್ಯಾಚುರೇಷನ್ ಚೆನ್ನಾಗಿ ಏರಿತು. ಕೊಡುವ ಆಕ್ಸಿಜನ್ನನ್ನು ನೂರಕ್ಕೆ 60ರಿಂದ 30ಕ್ಕೆ ಇಳಿಸಿದೆವು. ನನಗೆ ಖುಷಿ. ಡಾಕ್ಟರ್ ಪಕ್ಕದ ಲೇಬರ್ ರೂಮಿಗೆ ಹೋದರು. ನಾನು ಕೂತು ಚಾರ್ಟ್ ಬರೆಯತೊಡಗಿದೆ.

ಆಗ ಹಣೆಯ ಸಂಖ್ಯೆ ಇಳಿಯಲು ಶುರುವಾಯಿತು. 72 ಇದ್ದದ್ದು 66. ಆಮೇಲೆ 61. ಪಟ್ಟಿ ಸರಿದಿರಬೇಕು ಅಂತ ಒತ್ತಿ ನೋಡಿದೆ. ಸರಿದಿರಲಿಲ್ಲ. ಸ್ಯಾಚುರೇಷನ್ 94. ಹೃದಯ ಬಡಿತ ಸರಿ. ಬಿಪಿ ಸರಿ. ಮಗು ನೋಡಲು ಗುಲಾಬಿ ಬಣ್ಣ, ಶಾಂತವಾಗಿ ಮಲಗಿತ್ತು. ಸಂಖ್ಯೆ ಮಾತ್ರ 54. ಅಲಾರಂ ಹೊಡೆಯಿತು. ಡಾಕ್ಟರನ್ನು ಕರೆದೆ. ಅವರು ಬಂದವರೇ ಮಗುವನ್ನೂ ನೋಡಲಿಲ್ಲ, ನಿರ್ಸನ್ನೂ ನೋಡಲಿಲ್ಲ. ಸೀದಾ ವೆಂಟಿಲೇಟರ್ ಪರದೆ ನೋಡಿ "ಟೈಡಲ್ ವಾಲ್ಯೂಮ್ ಎಷ್ಟಿದೆ ನೋಡಿ ಸಿಸ್ಟರ್" ಅಂದರು. ಒಂದೊಂದು ಉಸಿರಿಗೆ ಒಳಗೆ ಹೋಗುವ ಗಾಳಿಯ ಲೆಕ್ಕ ಅದು. ಕೆಜಿಗೆ 4ರಿಂದ 6 ಎಂಎಲ್ ಇರಬೇಕಾದದ್ದು 9 ದಾಟಿತ್ತು. ರಕ್ತ ತೆಗೆದು ಗ್ಯಾಸ್ ಪರೀಕ್ಷೆ ಮಾಡಿದರೆ ಸಿಒಟು, ಅಂದರೆ ಕಾರ್ಬನ್ ಡೈಆಕ್ಸೈಡ್, 28. ತೀರಾ ಕಡಿಮೆ.

ಆಗಿದ್ದು ಇಷ್ಟೇ. ಸರ್ಫ್ಯಾಕ್ಟೆಂಟ್ ಹೋದ ಮೇಲೆ ಶ್ವಾಸಕೋಶ ಮೆತ್ತಗಾಯಿತು. ಅದೇ ಪ್ರೆಷರ್‌ಗೆ ಈಗ ಜಾಸ್ತಿ ಗಾಳಿ ಒಳಗೆ ಹೋಗತೊಡಗಿತು. ಸಿಒಟು ತೊಳೆದು ಹೋಯಿತು. ಸಿಒಟು ಇಳಿದರೆ ಮೆದುಳಿನ ರಕ್ತನಾಳ ಬಿಗಿಯುತ್ತೆ, ಹರಿಯುವ ರಕ್ತ ಕಡಿಮೆಯಾಗುತ್ತೆ. ತುಂಬ ಹೊತ್ತು ಹಾಗೇ ಬಿಟ್ಟರೆ ಮೆದುಳಿನ ಒಳಗಿನ ಕುಹರದ, ಅಂದರೆ ನೀರು ತುಂಬಿದ ಟೊಳ್ಳಿನ, ಪಕ್ಕದ ಬಿಳಿ ಭಾಗಕ್ಕೆ ಪೆಟ್ಟು. ಮುಂದೆ ಆ ಮಗು ಕಾಲು ಬಿಗಿ ಹಿಡಿದು ನಡೆಯುವಂತಾಗಬಹುದು. ಸಿಒಟು ತೀರಾ ಏರಿದರೆ ಅದರ ಉಲ್ಟಾ. ರಕ್ತನಾಳ ಹಿಗ್ಗಿ ರಕ್ತ ನುಗ್ಗುತ್ತೆ, ಒಡೆಯುವ ಭಯ. ಡಾಕ್ಟರ್ ಪ್ರೆಷರ್ 20ರಿಂದ 15ಕ್ಕೆ ಇಳಿಸಿದರು, ಉಸಿರಿನ ರೇಟ್ ಇಳಿಸಿದರು. ನಾನು ಪರದೆ ಬಿಟ್ಟು ಕದಲಲಿಲ್ಲ. 57, 60, 64. ಇಪ್ಪತ್ತು ನಿಮಿಷದಲ್ಲಿ 70ಕ್ಕೆ ಬಂತು.

ಮಾರನೇ ದಿನ ರೌಂಡ್ಸ್‌ನಲ್ಲಿ ಡಾಕ್ಟರ್ ಒಂದು ಮಾತು ಹೇಳಿದರು. "ಈ ಮೆಷಿನ್ ಇಲ್ಲದಿದ್ರೂ ಟೈಡಲ್ ವಾಲ್ಯೂಮ್ ನೋಡಿದ್ರೆ ಗೊತ್ತಾಗ್ತಿತ್ತು ಸಿಸ್ಟರ್." ನಿಜ. ಅವತ್ತು ನಾನು ನೋಡಿರಲಿಲ್ಲ. ಸ್ಯಾಚುರೇಷನ್ 94 ಇದೆಯಲ್ಲ ಅಂತ ಕಣ್ಣು ಅಲ್ಲೇ ನಿಂತಿತ್ತು. ಹಿಂದಿನ 12 ವರ್ಷದಲ್ಲಿ ಹೀಗೆ ಎಷ್ಟು ರಾತ್ರಿ ಚಾರ್ಟ್ ಬರೆಯುತ್ತಾ ಕೂತಿದ್ದೆನೋ. ಬೆಳಗ್ಗೆ ಆರಕ್ಕೆ ಗ್ಯಾಸ್ ಮಾಡಿದಾಗ ಸಿಒಟು ಕಡಿಮೆ ಬಂದರೆ "ಅಯ್ಯೋ, ಓವರ್ ವೆಂಟಿಲೇಟ್ ಆಗಿದೆ" ಅಂತ ಇಳಿಸುತ್ತಿದ್ದೆವು. ನಡುವಿನ ನಾಲ್ಕು ಗಂಟೆ ಒಳಗೆ ಏನಾಗಿತ್ತು ಅಂತ ಕೇಳುವವರು ಯಾರು?

ಇದಕ್ಕಿಂತ ಜಾಸ್ತಿ ನನ್ನನ್ನು ಕಾಡಿದ್ದು ನಮ್ಮ ಕೈಗಳ ಬಗ್ಗೆ ಈ ಮೆಷಿನ್ ಹೇಳಿದ ಸಂಗತಿ.

ಟ್ಯೂಬಿನ ಕಫ ಎಳೆಯಲು ಸಕ್ಷನ್ ಮಾಡುವಾಗ ಸ್ಯಾಚುರೇಷನ್ ಬೀಳುತ್ತೆ ಅಂತ ಎಲ್ಲರಿಗೂ ಗೊತ್ತು. ಆದರೆ ಸ್ಯಾಚುರೇಷನ್ ಮತ್ತೆ 92ಕ್ಕೆ ಬಂದ ಮೇಲೂ ಹಣೆಯ ಸಂಖ್ಯೆ ಕೆಲವು ನಿಮಿಷ ಕೆಳಗೇ ಕೂತಿರುವುದನ್ನು ನಾನು ಮೊದಲ ಸಲ ನೋಡಿದ್ದು ಇದರಲ್ಲಿ. ಟ್ಯೂಬ್ ಕಳಚಿ ಮಾಡುವ ಸಕ್ಷನ್‌ಗೂ, ಕಳಚದೆ ಮಾಡುವ ಇನ್‌ಲೈನ್ ಸಕ್ಷನ್‌ಗೂ ಪರದೆಯ ಗೆರೆಯಲ್ಲೇ ವ್ಯತ್ಯಾಸ ಕಂಡಿತು. ನ್ಯಾಪಿ ಬದಲಿಸುವಾಗ ನಾವು ಏನು ಮಾಡುತ್ತೇವೆ? ಎರಡೂ ಕಾಲು ಹಿಡಿದು ಮೇಲೆ ಎತ್ತುತ್ತೇವೆ. ಮನೆಯಲ್ಲಿ ಅಜ್ಜಿಯರು ಮಾಡುವುದೂ ಹಾಗೇ. 900 ಗ್ರಾಂ ಮಗುವಿಗೆ ಹಾಗೆ ಮಾಡಿದರೆ ಕೆಳಗಿನ ರಕ್ತ ತಲೆ ಕಡೆ ನುಗ್ಗುತ್ತೆ. ತಲೆ ನೇರ ಇರಲಿ, ಹಾಸಿಗೆಯ ತಲೆಭಾಗ ಸ್ವಲ್ಪ ಎತ್ತರ ಇರಲಿ, ಮೊದಲ ಮೂರು ದಿನ ಕಾಲು ಎತ್ತಬೇಡಿ, ಪಕ್ಕಕ್ಕೆ ಹೊರಳಿಸಿ ಬದಲಿಸಿ ಅಂತ ಗೋಡೆ ಮೇಲೆ ನಾಲ್ಕು ವರ್ಷದಿಂದ ಚಾರ್ಟ್ ಅಂಟಿಸಿದ್ದರು. ಓದಿದ್ದೆವು. ಅವಸರದಲ್ಲಿ ಕೈ ಮಾತ್ರ ಹಳೆಯದನ್ನೇ ಮಾಡುತ್ತಿತ್ತು. ಈಗ ಕಾಲು ಎತ್ತಿದ ಕ್ಷಣಕ್ಕೆ ಗೆರೆ ಅಲುಗಾಡುವುದು ಕಾಣುತ್ತೆ. ಚಾರ್ಟ್ ನಾಲ್ಕು ವರ್ಷದಲ್ಲಿ ಕಲಿಸದ್ದನ್ನು ಗೆರೆ ಒಂದು ವಾರದಲ್ಲಿ ಕಲಿಸಿತು.

ಹೊಕ್ಕುಳ ಲೈನಿನಿಂದ ರಕ್ತ ತೆಗೆಯುವುದೂ ಅಷ್ಟೇ. ನನ್ನ ಕೈ ಜೋರು. ಪಟಕ್ಕನೆ ಎಳೆದು, ಪಟಕ್ಕನೆ ಫ್ಲಶ್ ಮಾಡಿ ಮುಗಿಸುವವಳು. ಅದರ ಮೇಲೆ ಸ್ವಲ್ಪ ಹೆಮ್ಮೆಯೂ ಇತ್ತು. ಒಂದು ದಿನ ನಾನು ಎಳೆದಾಗ ಸಂಖ್ಯೆ 7 ಇಳಿಯಿತು. ಮುಂದಿನ ಸಲ ಮನಸ್ಸಲ್ಲೇ ನಲವತ್ತರವರೆಗೆ ಎಣಿಸುತ್ತಾ ನಿಧಾನ ಎಳೆದೆ. ಗೆರೆ ಅಲುಗಲಿಲ್ಲ. ಈಗ ನಮ್ಮ ಯೂನಿಟ್‌ನಲ್ಲಿ ಎಲ್ಲರೂ ಎಣಿಸುತ್ತಾರೆ. ಹೊಸ ಹುಡುಗಿಯರು ಗಟ್ಟಿಯಾಗಿಯೇ ಎಣಿಸುತ್ತಾರೆ.

ಡಾಕ್ಟರ್ ಇದಕ್ಕೆ ಒಂದು ಹಳೆಯ ಕಥೆ ಹೇಳಿದರು. 1983ರಲ್ಲಿ ಅಮೆರಿಕದಲ್ಲಿ ಪರ್ಲ್‌ಮನ್, ವೋಲ್ಪ್ ಮತ್ತವರ ಜೊತೆಯವರು ವೆಂಟಿಲೇಟರ್ ಮೇಲಿದ್ದ 50 ಮಕ್ಕಳ ಮೆದುಳಿನ ರಕ್ತದ ಓಟವನ್ನು ಡಾಪ್ಲರ್‌ನಲ್ಲಿ, ಅಂದರೆ ರಕ್ತದ ವೇಗ ಅಳೆಯುವ ಸ್ಕ್ಯಾನ್‌ನಲ್ಲಿ, ನೋಡಿದರು. 23 ಮಕ್ಕಳಲ್ಲಿ ಓಟ ಒಂದೇ ಸಮ ಇರಲಿಲ್ಲ, ಏರಿಳಿಯುತ್ತಿತ್ತು. ಅವರಲ್ಲಿ 21 ಮಕ್ಕಳಿಗೆ ಮೆದುಳಿನ ಕುಹರದಲ್ಲಿ ರಕ್ತಸ್ರಾವ ಆಯಿತು. ಓಟ ಸಮ ಇದ್ದ 27ರಲ್ಲಿ 7 ಮಕ್ಕಳಿಗೆ ಮಾತ್ರ. ಮಗು ವೆಂಟಿಲೇಟರ್ ಜೊತೆ ಜಗಳ ಆಡಿದರೆ, ಅಂದರೆ ಅದರ ಉಸಿರು ಒಂದು ಕಡೆ, ಮೆಷಿನ್ನಿನ ಉಸಿರು ಇನ್ನೊಂದು ಕಡೆ ಆದರೆ ಹೀಗೆ ಏರಿಳಿತ ಬರುತ್ತೆ. ಅದೇ ಗುಂಪು 1985ರಲ್ಲಿ ಅಂಥ ಮಕ್ಕಳಿಗೆ ಸ್ನಾಯು ಸಡಿಲಿಸುವ ಔಷಧಿ ಕೊಟ್ಟು ಜಗಳ ನಿಲ್ಲಿಸಿತು. ರಕ್ತಸ್ರಾವ ಕಡಿಮೆಯಾಯಿತು. ಈಗ ಎಲ್ಲ ಮಕ್ಕಳಿಗೂ ಹಾಗೆ ಔಷಧಿ ಕೊಡುವುದಿಲ್ಲ. ಮಗು ಉಸಿರೆಳೆದಾಗಲೇ ತಾನೂ ಗಾಳಿ ಕೊಡುವ ವೆಂಟಿಲೇಟರ್‌ಗಳು ಬಂದಿವೆ. ಆದರೂ ಟ್ಯೂಬಿನಲ್ಲಿ ನೀರು ನಿಂತರೆ, ಲೀಕ್ ಆದರೆ ಜಗಳ ಮತ್ತೆ ಶುರು. ಹಣೆಯ ಗೆರೆ ಗರಗಸದ ಹಲ್ಲಿನಂತೆ ಆಡತೊಡಗಿದರೆ ನಾನು ಈಗ ಮೊದಲು ಬಗ್ಗಿ ನೋಡುವುದು ಟ್ಯೂಬಿನ ನೀರನ್ನೇ.

ಇಲ್ಲಿಯವರೆಗೆ ಹೊಗಳಿದ್ದು ಸಾಕು. ಇನ್ನು ತಕರಾರು.

ಮೊದಲನೆಯದು ಪಟ್ಟಿ. ಚಿಕ್ಕ ಮಗುವಿಗೆ ಇನ್‌ಕ್ಯುಬೇಟರ್‌ನಲ್ಲಿ ತೇವಾಂಶ 80 ಇಟ್ಟಿರುತ್ತೇವೆ. ಒಳಗೆ ಆಗುಂಬೆ ಮಳೆಗಾಲದ ಹಾಗೆ. ಅಂಟು ಅರ್ಧ ದಿನ ನಿಲ್ಲುವುದಿಲ್ಲ. ಗಟ್ಟಿಯಾಗಿ ಅಂಟಿತೋ, ತೆಗೆಯುವಾಗ ಚರ್ಮ ಬರುತ್ತೆ. 26 ವಾರದ ಮಗುವಿನ ಚರ್ಮ ಎಂಥದ್ದು ಅಂದರೆ, ಬಾಳೆಹಣ್ಣಿನ ಒಳಸಿಪ್ಪೆಯ ಎಳೆ ಇರುತ್ತಲ್ಲ, ಹಾಗೆ. ಎರಡನೇ ಮಗುವಿಗೇ ಹಣೆಯಲ್ಲಿ ಚೌಕಾಕಾರದ ಕೆಂಪು ಗುರುತು ಬಂತು. ಕಂಪನಿಗೆ ಫೋನ್ ಮಾಡಿದರೆ "ಇನ್‌ಸ್ಟ್ರಕ್ಷನ್ ಪ್ರಕಾರ ಹಾಕಿ ಮೇಡಂ" ಅಂತಷ್ಟೇ. ಆಮೇಲೆ ನಾವೇ ದಾರಿ ಹುಡುಕಿದೆವು. ಚರ್ಮಕ್ಕೂ ಪಟ್ಟಿಗೂ ನಡುವೆ ತೆಳುವಾದ ಪಾರದರ್ಶಕ ಸಿಲಿಕೋನ್ ಹಾಳೆ. ಮೇಲೆ ಟೋಪಿ. ಅಂಟಿನ ಹಂಗೇ ಬೇಡ, ಟೋಪಿಯೇ ಹಿಡಿದುಕೊಳ್ಳುತ್ತೆ. ಟೋಪಿ ಬಿಗಿಯಾಗಬಾರದು ಅಷ್ಟೇ. ನಾಲ್ಕು ಗಂಟೆಗೊಮ್ಮೆ ಎತ್ತಿ ಚರ್ಮ ನೋಡುತ್ತೇವೆ. ಒಂದು ಸಲ ಬಲ ಹಣೆ, ಒಂದು ಸಲ ಎಡ.

ಎರಡನೆಯದು ನೀಲಿ ಲೈಟ್. ಕಾಮಾಲೆಗೆ ಫೋಟೋಥೆರಪಿ ಇಟ್ಟರೆ ಪಟ್ಟಿಯ ಅಂಚಿನಿಂದ ಬೆಳಕು ನುಗ್ಗಿ ಸಂಖ್ಯೆ ಹಾದಿ ತಪ್ಪುತ್ತೆ, ಇಲ್ಲವೇ ಸಂಖ್ಯೆಯ ಜಾಗದಲ್ಲಿ ಬರೀ ಗೆರೆ ಬರುತ್ತೆ. ಕಪ್ಪು ಬಟ್ಟೆಯ ತುಂಡು ಮುಚ್ಚಿದರೆ ಸರಿ. ಆ ಬಟ್ಟೆಯನ್ನೂ ಕಂಪನಿ ಕೊಡಲಿಲ್ಲ. ನಮ್ಮ ಆಯಾ ಅಕ್ಕ ಹಳೇ ಕೊಡೆಯ ಬಟ್ಟೆ ಕತ್ತರಿಸಿ, ಒಗೆದು, ಆಟೋಕ್ಲೇವ್‌ಗೆ ಹಾಕಿಸಿ ಹನ್ನೆರಡು ತುಂಡು ಮಾಡಿಕೊಟ್ಟರು. ಇಡೀ ಸೆಟ್ಟಿನಲ್ಲಿ ಕೆಡದೆ ಬಾಳಿದ ವಸ್ತು ಅದೊಂದೇ. ಹುಟ್ಟುವಾಗ ತಲೆಗೆ ಬಾವು ಬಂದಿದ್ದರೆ, ಅಥವಾ ದಟ್ಟ ಕೂದಲಿದ್ದರೆ ಅಲ್ಲೂ ಸಂಖ್ಯೆ ನಂಬಬೇಡಿ.

ಮೂರನೆಯದು ದುಡ್ಡು. ಮೆಷಿನ್ ಲಕ್ಷಗಳ ಲೆಕ್ಕ, ಅದು ಒಂದು ಸಲದ ಖರ್ಚು. ಪಟ್ಟಿ ಹಾಗಲ್ಲ. ಒಂದೊಂದೂ ಸಾವಿರಗಳಲ್ಲಿ, ಒಂದು ಮಗುವಿಗೆ ಒಂದು. ಮತ್ತೆ ಬಳಸಬಾರದು. ಡೆಮೊ ದಿನ ಈ ಮಾತು ಯಾರೂ ಎತ್ತಲಿಲ್ಲ. ಬಿಲ್ ನೋಡಿದ ತಂದೆಯೊಬ್ಬರು ಬಂದು ಕೇಳಿದರು. "ಸಿಸ್ಟರ್, ಈ ಸ್ಟಿಕ್ಕರಿಗೆ ಇಷ್ಟಾ? ನಾನು ಒಂದು ತಿಂಗ್ಳು ಹಮಾಲಿ ಮಾಡಿದ್ರೆ ಇಷ್ಟು ಬರಲ್ಲ." ಏನು ಉತ್ತರ ಕೊಡಲಿ? ಎಪಿಎಂಸಿಯಲ್ಲಿ ಮೂಟೆ ಹೊರುವವರು. ಅವತ್ತಿನಿಂದ ಡಾಕ್ಟರ್ ಒಂದು ನಿಯಮ ಮಾಡಿದರು. 30 ವಾರಕ್ಕಿಂತ ಮೊದಲು ಹುಟ್ಟಿ ವೆಂಟಿಲೇಟರ್ ಮೇಲಿರುವ ಮಕ್ಕಳಿಗೆ, ಅದೂ ಮೊದಲ ಮೂರು ದಿನಕ್ಕೆ. ಈ ರಕ್ತಸ್ರಾವದ ಬಹುಪಾಲು ಆ ಮೂರು ದಿನದಲ್ಲೇ ಆಗುವುದು. ಬೇರೆ ಯಾರಿಗೆ ಹಾಕುವುದಿದ್ದರೂ ಮೊದಲು ಮನೆಯವರಿಗೆ ದರ ಹೇಳಿಯೇ ಹಾಕುತ್ತೇವೆ.

ನಾಲ್ಕನೆಯದು ಸ್ವಲ್ಪ ತಾಂತ್ರಿಕ, ಆದರೆ ಮುಖ್ಯ. ಒಂದು ಕಂಪನಿಯ 60, ಇನ್ನೊಂದು ಕಂಪನಿಯ 60 ಒಂದೇ ಅಲ್ಲ. ಒಂದೇ ಕಂಪನಿಯಲ್ಲೂ ದೊಡ್ಡವರ ಪಟ್ಟಿಗೂ ಮಕ್ಕಳ ಪಟ್ಟಿಗೂ ವ್ಯತ್ಯಾಸ ಬರುತ್ತೆ. ಮಕ್ಕಳ ಪಟ್ಟಿ ಜಾಸ್ತಿ ತೋರಿಸುವುದುಂಟು. ನಮ್ಮ ಮೆಷಿನ್ನಿನ ಅಲಾರಂ ಬಂದಾಗ ದೊಡ್ಡವರ ಆಪರೇಷನ್ ಥಿಯೇಟರಿಗೆ ಸೆಟ್ ಆಗಿತ್ತು! ಮೂರು ದಿನ ಸುಮ್ನೆ ಕಿರುಚುತ್ತಿತ್ತು. ಮಕ್ಕಳಿರುವ ಜಾಗದಲ್ಲಿ ಅಷ್ಟು ದೊಡ್ಡ ಸದ್ದು ಯಾಕೆ ಬೇಕೋ. ತೆಗೆದುಕೊಂಡ ದಿನವೇ ಕೂತು ಮೇಲಿನ ಮಿತಿ, ಕೆಳಗಿನ ಮಿತಿ, ಸದ್ದು ಮೂರನ್ನೂ ಬದಲಿಸಿಕೊಳ್ಳಿ. ಸರ್ವಿಸ್ ಬಗ್ಗೆ ಹೇಳುವಂಥದ್ದೇನಿಲ್ಲ. ಕೇಬಲ್ ಒಂದು ಕೆಟ್ಟಿತು, ಬರಲು 19 ದಿನ ಆಯಿತು, ಅಷ್ಟು ದಿನ ಮೆಷಿನ್ ಮೂಲೆಯಲ್ಲಿತ್ತು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಡಾಪ್ಲರ್ ಇದೆಯಲ್ಲ, ಇದು ಯಾಕೆ?

ನಮ್ಮಲ್ಲಿ ಡಾಪ್ಲರೂ ಇದೆ. ಡಾಕ್ಟರ್ ನೆತ್ತಿ ಮೇಲೆ ಪ್ರೋಬ್ ಇಟ್ಟು ಮೆದುಳಿನ ಮುಂಭಾಗದ ರಕ್ತನಾಳವನ್ನು ಹುಡುಕುತ್ತಾರೆ. ಹುಯ್, ಹುಯ್ ಅಂತ ಸದ್ದು ಬರುತ್ತೆ. ಪರದೆ ಮೇಲೆ ಸಾಲು ಗುಡ್ಡಗಳು. ಗುಡ್ಡದ ತುದಿಯ ವೇಗದಿಂದ ತಗ್ಗಿನ ವೇಗ ಕಳೆದು, ಮತ್ತೆ ತುದಿಯ ವೇಗದಿಂದ ಭಾಗಿಸಿದರೆ ಬರುವುದು ಆರ್‌ಐ, ರಕ್ತದ ಓಟಕ್ಕೆ ಎಷ್ಟು ತಡೆ ಇದೆ ಅನ್ನುವ ಅಳತೆ. ಸಾಮಾನ್ಯವಾಗಿ 0.7, 0.8ರ ಆಸುಪಾಸು. ಹುಟ್ಟಿದ ಮೇಲೆ ಮುಚ್ಚಬೇಕಾದ, ಹೃದಯದ ಪಕ್ಕದ ಪಿಡಿಎ ಅನ್ನುವ ನಾಳ ಮುಚ್ಚದೆ ರಕ್ತ ಕದಿಯುತ್ತಿದ್ದರೆ ತಗ್ಗು ನೆಲ ಕಚ್ಚುತ್ತೆ, ಆರ್‌ಐ ಏರುತ್ತೆ. ಹುಟ್ಟುವಾಗ ಉಸಿರುಕಟ್ಟಿದ ಮಗುವಿನಲ್ಲಿ 0.55ಕ್ಕಿಂತ ಇಳಿದರೆ ಡಾಕ್ಟರ್ ಮುಖ ಸಪ್ಪಗಾಗುತ್ತೆ. ರಕ್ತದ ಓಟವನ್ನೇ ನೋಡುವುದು ಅಂದರೆ ಇದು. ರಕ್ತಸ್ರಾವ ಆಗಿದೆಯಾ ಅಂತ ಹೇಳುವುದೂ ಇದೇ ಸ್ಕ್ಯಾನ್. ಅದನ್ನು ನಿರ್ಸ್ ಎಂದೂ ಹೇಳುವುದಿಲ್ಲ.

ಆದರೆ ಡಾಪ್ಲರ್ ಒಂದು ಫೋಟೋ ಇದ್ದ ಹಾಗೆ. ಬೆಳಗ್ಗೆ ಹತ್ತಕ್ಕೆ ನೋಡಿದರೆ ಹತ್ತು ಗಂಟೆಯದು ಗೊತ್ತಾಗುತ್ತೆ, ರಾತ್ರಿ ಎರಡರದಲ್ಲ. ನೋಡುವವರ ಕೈ ಬೇಕು. ನೆತ್ತಿ ಮೇಲೆ ಸ್ವಲ್ಪ ಜೋರಾಗಿ ಒತ್ತಿದರೂ ಆರ್‌ಐ ಏರಿಬಿಡುತ್ತೆ. ಜೊತೆಗೆ ನಮ್ಮ ದೇಶದಲ್ಲಿ ಸ್ಕ್ಯಾನ್ ಮೆಷಿನ್ ಅಂದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ. ನೋಂದಣಿ ಇಲ್ಲದೆ ಮೆಷಿನ್ ಇಡುವ ಹಾಗಿಲ್ಲ, ಬೇಕಾದಲ್ಲಿಗೆ ಹೊತ್ತುಕೊಂಡು ಹೋಗುವ ಹಾಗಿಲ್ಲ. ಕಾಯ್ದೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾತ್ರಿ ಡ್ಯೂಟಿಯ ನರ್ಸ್ ಕೈಯಲ್ಲಿ ಪ್ರೋಬ್ ಇರುವುದಿಲ್ಲ ಅನ್ನುವುದೂ ಅಷ್ಟೇ ನಿಜ. ಹಣೆ ಪಟ್ಟಿಗೆ ಅಂಥ ಯಾವ ರಿಜಿಸ್ಟರೂ ಇಲ್ಲ.

ನೆತ್ತಿಯ ವಿಷಯ ಬಂದಾಗ ಒಬ್ಬ ಅಜ್ಜಿ ನೆನಪಾಗುತ್ತಾರೆ. ಹರಪನಹಳ್ಳಿ ಕಡೆಯವರು. ಡಾಪ್ಲರ್ ಮುಗಿದ ಮೇಲೆ ಮೊಮ್ಮಗುವನ್ನು ಗಾಜಿನಾಚೆಯಿಂದ ನೋಡಿದರು. ನೆತ್ತಿ ಮೇಲೆ ಜೆಲ್ ಹೊಳೆಯುತ್ತಿತ್ತು. ಅಜ್ಜಿಯ ಮುಖ ಅರಳಿತು. "ನೆತ್ತಿಗೆ ಹರಳೆಣ್ಣಿ ಹಚ್ಚೀರೇನವ್ವಾ? ಚಲೋ ಆತು ಬಿಡು." ಹಣೆಯ ಕಪ್ಪು ಬಟ್ಟೆ ನೋಡಿ "ದೃಷ್ಟಿಗೂ ಹಾಕೀರಿ" ಅಂದರು. ಎರಡೂ ಅಲ್ಲ ಅಂತ ಹೇಳಲು ಬಾಯಿ ತೆರೆದೆ. ಆಮೇಲೆ ಸುಮ್ಮನಾದೆ.

ಈಗ ಕಹಿ ಮಾತು. ಈ ಮೆಷಿನ್ ಹಾಕಿದರೆ ಮಕ್ಕಳು ಉಳಿಯುತ್ತಾರಾ, ಮೆದುಳು ಕಾಪಾಡುತ್ತಾ? ಅದನ್ನು ಯುರೋಪಿನವರು ದೊಡ್ಡದಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. ಸೇಫ್‌ಬೂಸ್ಕ್ ಅಂತ ಹೆಸರು, ಕೋಪನ್‌ಹೇಗನ್‌ನಿಂದ ನಡೆಸಿದ್ದು. 2015ರಲ್ಲಿ ಬಂದ ಎರಡನೇ ಹಂತದಲ್ಲಿ 166 ಮಕ್ಕಳು. ಸಂಖ್ಯೆ ನೋಡಿಕೊಂಡು ಚಿಕಿತ್ಸೆ ಬದಲಿಸಿದರೆ, ಮೆದುಳಿಗೆ ಆಕ್ಸಿಜನ್ ಕಡಿಮೆ ಅಥವಾ ಜಾಸ್ತಿಯಾಗುವ ಹೊತ್ತು ಅರ್ಧಕ್ಕಿಂತ ಕೆಳಗೆ ಬಂತು. ಎಲ್ಲರಿಗೂ ಆಸೆ ಹುಟ್ಟಿತು. ಆಮೇಲೆ ಮೂರನೇ ಹಂತ. 28 ವಾರಕ್ಕಿಂತ ಮೊದಲು ಹುಟ್ಟಿದ 1601 ಮಕ್ಕಳು, 17 ದೇಶ. ಫಲಿತಾಂಶ 2023ರಲ್ಲಿ ಬಂತು. ಸಾವು ಅಥವಾ ಮೆದುಳಿಗೆ ದೊಡ್ಡ ಪೆಟ್ಟು, ಎರಡರಲ್ಲಿ ಒಂದಾದರೂ ಆದದ್ದು ಪಟ್ಟಿ ಹಾಕಿದವರಲ್ಲಿ ನೂರಕ್ಕೆ 35.2, ಹಾಕದವರಲ್ಲಿ 34.0. ವ್ಯತ್ಯಾಸವೇ ಇಲ್ಲ.

ಡಾಕ್ಟರ್ ಇದನ್ನು ನಮ್ಮ ಮಧ್ಯಾಹ್ನದ ಕ್ಲಾಸಿನಲ್ಲಿ ಬೋರ್ಡ್ ಮೇಲೆ ಬರೆದಾಗ ನನಗೆ ಯಾಕೋ ಅವಮಾನ ಆದಂತಾಯಿತು. "ಹಾಗಾದ್ರೆ ಯಾಕೆ ತಗೊಂಡ್ವಿ ಸರ್?" ಅಂತ ಕೇಳಿಯೇಬಿಟ್ಟೆ. ಅವರು ಹೇಳಿದ್ದು, ಆ ಆಸ್ಪತ್ರೆಗಳಲ್ಲಿ ಪಟ್ಟಿ ಇಲ್ಲದ ಮಗುವನ್ನೂ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು, ನಮ್ಮಲ್ಲಿ ಒಬ್ಬ ನರ್ಸ್ ಮೂರು ವೆಂಟಿಲೇಟರ್ ನೋಡುತ್ತಾಳೆ, ಇಲ್ಲಿ ಕಥೆ ಬೇರೆ ಇರಬಹುದು ಅಂತ. ಇರಬಹುದು. ಆದರೆ ಅದು ಅವರ ಅಂದಾಜು, ಪುರಾವೆ ಅಲ್ಲ. ಒಬ್ಬಳೇ ಮೂವರನ್ನು ನೋಡುವ ಕಡೆ ಅಲಾರಂ ಹೊಡೆದರೆ ಓಡಿಬರುವುದು ಯಾರು ಅಂತಲೂ ನಾನು ಕೇಳಿದೆ. ಅದಕ್ಕೆ ಅವರು ಉತ್ತರ ಹೇಳಲಿಲ್ಲ. ಮುಂದಿನ ತಿಂಗಳು ರಾತ್ರಿಗೆ ಒಬ್ಬಳು ಜಾಸ್ತಿ ಬಂದಳು. ಮೆಷಿನ್ ತಂದುಕೊಟ್ಟ ದೊಡ್ಡ ಲಾಭ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ.

ಒಂದು ಮಗುವಿನ ಕಥೆ ಹೇಳಲೇಬೇಕು. 27 ವಾರ. ಮೂರು ದಿನವೂ ಗೆರೆ ಅಚ್ಚುಕಟ್ಟು. 68, 70, 71. ನನ್ನ ಎಣಿಕೆ ತಪ್ಪಿರಲಿಲ್ಲ, ಕಾಲು ಎತ್ತಿರಲಿಲ್ಲ, ಸಿಒಟು ಒಂದು ಸಲವೂ ಅತ್ತಿತ್ತ ಹೋಗಿರಲಿಲ್ಲ. ನಾಲ್ಕನೇ ದಿನ ಸ್ಕ್ಯಾನ್ ಮಾಡಿದರೆ ಮೂರನೇ ದರ್ಜೆಯ, ಅಂದರೆ ದೊಡ್ಡ ರಕ್ತಸ್ರಾವ. ಪಟ್ಟಿ ನೋಡುವುದು ಹಣೆಯ ಹಿಂದಿನ ಒಂದೆರಡು ಸೆಂಟಿಮೀಟರ್. ಒಡೆಯುವ ಜಾಗ ಇರುವುದು ಅದಕ್ಕಿಂತ ಒಳಗೆ, ಕುಹರದ ಪಕ್ಕದಲ್ಲಿ. ಹಾಗಂತ ತಲೆಗೆ ಗೊತ್ತು. ಅವತ್ತು ಮನೆಗೆ ಹೋಗಿ ಊಟ ಸೇರಲಿಲ್ಲ.

ಹಾಗಾದರೆ ತಗೊಳ್ಳಬೇಕಾ? ಗೆಳತಿಯರಿಗೆ ನಾನು ಹೇಳುವುದು, ಮೊದಲು ಈ ನಾಲ್ಕು ಇದೆಯಾ ನೋಡಿಕೊಳ್ಳಿ. ಟೈಡಲ್ ವಾಲ್ಯೂಮ್ ತೋರಿಸುವ ಒಳ್ಳೆಯ ವೆಂಟಿಲೇಟರ್. ಹತ್ತು ನಿಮಿಷದಲ್ಲಿ ರಿಪೋರ್ಟ್ ಕೊಡುವ ಗ್ಯಾಸ್ ಮೆಷಿನ್. ನೆತ್ತಿ ಸ್ಕ್ಯಾನ್ ಮಾಡಲು ಬರುವ ಡಾಕ್ಟರ್. ರಾತ್ರಿಗೆ ಸಾಕಷ್ಟು ಕೈ. ಇವು ಇಲ್ಲದೆ ನಿರ್ಸ್ ತಂದರೆ, ಸಂಖ್ಯೆ ಬೀಳುವುದನ್ನು ನೋಡುತ್ತಾ ನಿಲ್ಲಬೇಕು. ಅದಕ್ಕಿಂತ ನೋಡದಿರುವುದೇ ವಾಸಿ. ಇವೆಲ್ಲ ಇದ್ದು, ಇನ್ನೂ ದುಡ್ಡು ಉಳಿದಿದ್ದರೆ ತಗೊಳ್ಳಿ. ತಗೊಳ್ಳುವ ಮೊದಲು ಪಟ್ಟಿಯ ದರ, ಕೇಬಲ್ ಎಷ್ಟು ದಿನಕ್ಕೆ ಬರುತ್ತೆ, ಇವೆರಡನ್ನೂ ಬರೆಸಿಕೊಳ್ಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಕಳೆದದ್ದು ಅಂಟಿಗೆ, ಒಂದು ಕಳೆದದ್ದು ಆ ತಂದೆಗೆ ತೋರಿಸಿದ ಬಿಲ್ಲಿಗೆ.

ಮೊನ್ನೆ ಭಾನುವಾರ ಅವಳಿ ಮಕ್ಕಳು ಬಂದವು. ಎರಡೂ ವೆಂಟಿಲೇಟರ್ ಮೇಲೆ. ನಮ್ಮ ಮೆಷಿನ್‌ಗೆ ಎರಡು ಕೇಬಲ್ ಹಾಕಬಹುದು, ಒಂದು ಹಣೆಗೆ, ಒಂದು ಹೊಟ್ಟೆಗೆ ಅಂತ ಕೊಟ್ಟಿರುವುದು. ಒಂದೊಂದು ಕೇಬಲ್ ಒಂದೊಂದು ಮಗುವಿಗೆ ಹಾಕಿಬಿಡೋಣವಾ ಅಂತ ಹೊಸ ಹುಡುಗಿ ಕೇಳಿದಳು. ಇಬ್ಬರ ಸಂಖ್ಯೆ ಒಂದೇ ಪರದೆಯಲ್ಲಿ, ರಾತ್ರಿ ಮೂರಕ್ಕೆ ಯಾರದು ಯಾವುದು ಅಂತ ಅದಲು ಬದಲಾದರೆ? ಬೇಡ ಅಂದೆ. 980 ಗ್ರಾಂ ಇದ್ದವಳಿಗೆ ಹಾಕಿದೆವು. 1200 ಇದ್ದವನ ಪಕ್ಕ ನಾನು ಸ್ಟೂಲ್ ಎಳೆದುಕೊಂಡು ಕೂತೆ, ಟೈಡಲ್ ವಾಲ್ಯೂಮ್ ನೋಡುತ್ತಾ.